ಉದ್ದ ಪದಕ್ಕೆ ಹೆದರಬೇಡಿ, ತುಂಡು ಮಾಡಿ
ಮಳಖೇಡದ ನೆಲದ ಗುರು-ಲಘು ಲೆಕ್ಕ ಇಂಗ್ಲಿಷಿಗೂ ಬರುತ್ತದೆ

ಇಂಗ್ಲಿಷಿನಲ್ಲಿ 45 ಅಕ್ಷರಗಳ ಒಂದು ಪದ ಉಂಟು. ಆಕ್ಸ್‌ಫರ್ಡ್ ನಿಘಂಟಿನಲ್ಲಿ ಅದಕ್ಕಿಂತ ಉದ್ದದ ಪದ ಇಲ್ಲ. ಕನ್ನಡದಲ್ಲಿ ಬರೆದರೆ ಹೀಗೆ: ನ್ಯೂಮೊನೊಅಲ್ಟ್ರಾಮೈಕ್ರೊಸ್ಕಾಪಿಕ್‌ಸಿಲಿಕೊವಾಲ್ಕೇನೊಕೊನಿಓಸಿಸ್. ಓದುವಾಗಲೇ ಉಸಿರು ನಿಂತಂತಾಗುತ್ತದೆ ಅಲ್ವಾ? ಅರ್ಥವೂ ಉಸಿರಿನದ್ದೇ. ಅತಿ ಸಣ್ಣ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋಗಿ ಬರುವ ಕಾಯಿಲೆ. 1935ರಲ್ಲಿ ಅಮೆರಿಕದ ಪದಬಂಧಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಎಂಬವರು ಇದನ್ನು ತಮಾಷೆಗೆಂದೇ ಕಟ್ಟಿದರು.

ತಮಾಷೆಯ ಪದವಾದರೂ ಅದರ ಹೊಟ್ಟೆಯಲ್ಲಿ ನಿಜವಾದ ಕಾಯಿಲೆಯ ಹೆಸರು ಕೂತಿದೆ. ಮೊದಲ ತುಂಡನ್ನೂ ಕೊನೆಯ ತುಂಡನ್ನೂ ಜೋಡಿಸಿದರೆ 'ನ್ಯೂಮೊಕೊನಿಓಸಿಸ್', ಅಂದರೆ ಧೂಳಿನಿಂದ ಬರುವ ಶ್ವಾಸಕೋಶದ ರೋಗ. ಸಿಲಿಕೋಸಿಸ್ ಅದರಲ್ಲಿ ಒಂದು. ನಮ್ಮ ದೇಶದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ನಮ್ಮ ರಾಜ್ಯದ್ದೇ ಕೋಲಾರ ಚಿನ್ನದ ಗಣಿಯಿಂದ. ಶಹಾಬಾದಿನ ಫರಸಿ ಕಲ್ಲು ಸುಣ್ಣದ ಜಾತಿಯದ್ದು. ಮರಳುಗಲ್ಲು, ಗ್ರಾನೈಟ್ ಕೆಲಸದಷ್ಟು ಸಿಲಿಕಾ ಭಯ ಅದರಲ್ಲಿಲ್ಲ. ಆದರೂ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆ ಕಲ್ಲಿನ ಗಣಿ, ಪಾಲಿಷ್ ಮಿಷನ್, ಸಿಮೆಂಟ್ ಕಾರ್ಖಾನೆ ಎಂದ ಮೇಲೆ ಧೂಳಿನ ಮಾತು ಮನೆಮನೆಯದ್ದೇ. ಧೂಳಿನ ಕಾಯಿಲೆಯನ್ನು ಟಿಬಿ ಎಂದು ತಪ್ಪು ತಿಳಿಯುವುದು ದೇಶದಲ್ಲಿ ಹೊಸ ಸಂಗತಿಯಲ್ಲ. ಔಷಧ ಬೇರೆ, ದಾರಿ ಬೇರೆ. ಕಾರ್ಮಿಕರ ಪರಿಹಾರದ ಕಾನೂನಿನ ಅನುಸೂಚಿಯಲ್ಲಿ ಈ ರೋಗಗಳ ಹೆಸರು ಸೇರಿರುವುದರಿಂದ ಪರಿಹಾರ ಕೇಳುವ ಹಕ್ಕೂ ಅದೇ ಪದದಲ್ಲಿ ಅಡಗಿದೆ. ಆಸ್ಪತ್ರೆಯ ಚೀಟಿಯಲ್ಲಿ ಆ ಪದ ಬರೆದಿದ್ದರೆ ಮನೆಯಲ್ಲಿ ಯಾರಾದರೂ ಅದನ್ನು ಓದಬೇಕು, ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳಬೇಕು. "ಏನೋ ಉದ್ದದ ಹೆಸರು ಹೇಳಿದ್ರು" ಎಂದು ಬಿಟ್ಟರೆ ಹಕ್ಕೂ ಅಲ್ಲಿಗೇ ಬಿಟ್ಟಂತೆ.

ಹಾಗಾದರೆ ಉದ್ದದ ಇಂಗ್ಲಿಷ್ ಪದವನ್ನು ಓದುವುದು ಹೇಗೆ? ಎರಡೇ ಕೆಲಸ. ಒಂದು, ಪದವನ್ನು ಬಾಯಿಯ ತುಂಡುಗಳಾಗಿ ಒಡೆಯುವುದು. ಎರಡು, ಯಾವ ತುಂಡನ್ನು ಎತ್ತಿ ಹೇಳಬೇಕು ಎಂದು ತಿಳಿಯುವುದು. ಎರಡಕ್ಕೂ ಬೇಕಾದ ಸಾಮಾನು ಕನ್ನಡ ಕಲಿತ ಮಕ್ಕಳ ಬಳಿ ಈಗಾಗಲೇ ಉಂಟು. ಅದರ ಬೇರು ಸೇಡಂ ತಾಲೂಕಿನಲ್ಲೇ ಇದೆ ಎಂದರೆ ನಂಬುತ್ತೀರಾ?

ಬರವಣಿಗೆಯ ತುಂಡು, ಬಾಯಿಯ ತುಂಡು

ಸೇಡಂ ತಾಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಇಲ್ಲಿ ಆಳಿದ್ದು 814ರಿಂದ 878ರವರೆಗೆ. ಅವನ ಆಸ್ಥಾನದಲ್ಲಿ ಶ್ರೀವಿಜಯ ಬರೆದ 'ಕವಿರಾಜಮಾರ್ಗ' ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ. ಅದರಲ್ಲಿ ಪ್ರಾಸ, ಯತಿ, ಪದಗಳನ್ನು ಕೂಡಿಸುವ ರೀತಿ, ಕೂಡಿಸಬಾರದ ರೀತಿ ಎಲ್ಲದರ ಚರ್ಚೆ ನಡೆದಿದೆ. ನೂರಕ್ಕೂ ಹೆಚ್ಚು ವರ್ಷದ ನಂತರ ನಾಗವರ್ಮ 'ಛಂದೋಂಬುಧಿ' ಬರೆದು ಗುರು-ಲಘು, ಗಣಗಳ ಲೆಕ್ಕವನ್ನು ಕ್ರಮಕ್ಕೆ ತಂದ. ಆ ಪುಸ್ತಕವನ್ನು ಅಚ್ಚಿಗೆ ತಂದವರು ರೆವರೆಂಡ್ ಕಿಟೆಲ್. 1875ರಲ್ಲಿ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಕನ್ನಡದ ಪದಗಳನ್ನು ಅಳೆಯುವ ಮಾತಿನಲ್ಲಿ ಕರಾವಳಿಗೂ ಕಲಬುರಗಿ ಕಡೆಗೂ ನಂಟು ಇವತ್ತಿನದ್ದಲ್ಲ ಮಾರಾಯ್ರೆ.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ ನೆನಪು ಎಲ್ಲರಿಗೂ ಇರುತ್ತದೆ. ದೀರ್ಘ ಬಂದರೆ ಗುರು. ಒತ್ತಕ್ಷರದ ಹಿಂದಿನದ್ದು ಗುರು. ಅನುಸ್ವಾರ, ವಿಸರ್ಗ ಇದ್ದರೆ ಗುರು. ವ್ಯಂಜನ ಕೊನೆಯಲ್ಲಿ ನಿಂತರೆ ಗುರು. ಉಳಿದದ್ದು ಲಘು. ಮಾರ್ಕಿಗಾಗಿ ಕಲಿತು ಪರೀಕ್ಷೆ ಮುಗಿದ ದಿನ ಮರೆತುಬಿಡುತ್ತೇವೆ. ಅದರ ಒಳಗೆ ದೊಡ್ಡ ಬುದ್ಧಿ ಇದೆ.

'ಪುಸ್ತಕ' ಎಂದು ಬರೆಯುವಾಗ ನಾವು ಪು-ಸ್ತ-ಕ ಎಂದು ಮೂರು ಅಕ್ಷರ ಮಾಡುತ್ತೇವೆ. ಹೇಳುವಾಗ? ಪುಸ್-ತ-ಕ. ಸಕಾರ ಹಿಂದಿನ ತುಂಡಿಗೆ ಹೋಗಿ ಅಂಟುತ್ತದೆ. ಬರವಣಿಗೆಯಲ್ಲಿ ಕಾಣದ ಈ ಸಂಗತಿ ಪ್ರಸ್ತಾರ ಹಾಕುವಾಗ ಕಾಣುತ್ತದೆ, ಯಾಕೆಂದರೆ ಗುರುವಿನ ಗೀಟು ಬೀಳುವುದು 'ಪು' ಮೇಲೆ. ಕಣ್ಣಿಗೆ ಕಾಣುವ ಅಕ್ಷರ ಬೇರೆ, ಬಾಯಿಯಲ್ಲಿ ಬರುವ ತುಂಡು ಬೇರೆ ಎಂದು ಹಿಂದಿನವರಿಗೆ ಗೊತ್ತಿತ್ತು. ಚಿತ್ತಾಪುರ ಕಡೆಯ ಸನ್ನತಿಯಲ್ಲಿ ಸಿಕ್ಕಿದ ಅಶೋಕನ ಶಾಸನದ ಬ್ರಾಹ್ಮಿ ಲಿಪಿಯಿಂದ ಇವತ್ತಿನ ಕನ್ನಡ ಲಿಪಿಯವರೆಗೆ ನಾವು ಬರೆಯುತ್ತಾ ಬಂದದ್ದು ಬಿಡಿ ವ್ಯಂಜನಗಳ ಸಾಲಲ್ಲ. ಸ್ವರ ಕೂಡಿದ ಅಕ್ಷರಗಳನ್ನು. ಇಂಗ್ಲಿಷಿಗೆ ಆ ಸೌಕರ್ಯ ಇಲ್ಲ. ಅಲ್ಲಿ ಅಕ್ಷರಗಳು ರೈಲಿನ ಡಬ್ಬಿಯ ಹಾಗೆ ಸಾಲಾಗಿ ನಿಂತಿರುತ್ತವೆ, ಎಲ್ಲಿ ಕೊಂಡಿ ಬಿಚ್ಚಬೇಕೆಂದು ನಾವೇ ನೋಡಬೇಕು.

ಬಿಚ್ಚುವ ನಿಯಮ ಸುಲಭ. ಒಂದು ತುಂಡಿಗೆ ಒಂದು ಸ್ವರದ ದನಿ. ಎಷ್ಟು ಸ್ವರ ಕೇಳುತ್ತದೋ ಅಷ್ಟು ತುಂಡು. ಎರಡು ಸ್ವರದ ನಡುವೆ ಎರಡು ವ್ಯಂಜನ ಬಂದರೆ ಸಾಮಾನ್ಯವಾಗಿ ಒಂದು ಹಿಂದಕ್ಕೆ, ಒಂದು ಮುಂದಕ್ಕೆ, ಥೇಟ್ 'ಪುಸ್-ತಕ'ದ ಹಾಗೆ. ಮೊದಲು ಹೇಳಿದ ರಾಕ್ಷಸ ಪದವನ್ನೇ ಒಡೆಯಿರಿ: ನ್ಯೂ-ಮೊ-ನೊ, ಅಲ್-ಟ್ರಾ, ಮೈ-ಕ್ರೊ-ಸ್ಕಾ-ಪಿಕ್, ಸಿ-ಲಿ-ಕೊ, ವಾಲ್-ಕೇ-ನೊ, ಕೊ-ನಿ-ಓ-ಸಿಸ್. ಹತ್ತೊಂಬತ್ತು ತುಂಡು. ಆರು ಗುಂಪು ಮಾಡಿದ ಮೇಲೆ ಹೆದರಿಕೆ ಎಲ್ಲಿ ಉಳಿಯಿತು? ಇದರಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಪದಗಳನ್ನು ಕಲಸಿಬಿಟ್ಟಿದ್ದಾರೆ. ಸಂಸ್ಕೃತ-ಕನ್ನಡ ಪದಗಳನ್ನು ಕಂಡ ಹಾಗೆ ಬೆಸೆಯಬೇಡಿ ಎಂದು ಎಚ್ಚರಿಸಿದ ಮಳಖೇಡದ ಶ್ರೀವಿಜಯ ಇದನ್ನು ನೋಡಿದ್ದರೆ ಅರಿಸಮಾಸ ಎಂದು ಬೈದು ಬಿಡುತ್ತಿದ್ದನೋ ಏನೋ!

ಅರಬರ ಕಿವಿಯಲ್ಲಿ 'ಬಲ್ಹರಾ'

ಬೇರೆ ಭಾಷೆಯ ಉದ್ದ ಹೆಸರು ಕಂಡು ತಡವರಿಸುವವರು ನಾವು ಮಾತ್ರ ಅಲ್ಲ. ಅಮೋಘವರ್ಷನ ಕಾಲದಲ್ಲೇ, 851ರಲ್ಲಿ, ಅರಬ್ ವ್ಯಾಪಾರಿ ಸುಲೈಮಾನ್‌ನ ಹೆಸರಿನಲ್ಲಿರುವ ವರದಿ ಲೋಕದ ನಾಲ್ಕು ದೊಡ್ಡ ರಾಜರಲ್ಲಿ ಒಬ್ಬ ಎಂದು 'ಬಲ್ಹರಾ'ನನ್ನು ಹೆಸರಿಸುತ್ತದೆ. ಇದು ರಾಷ್ಟ್ರಕೂಟರ 'ವಲ್ಲಭರಾಜ' ಎಂಬ ಬಿರುದು. ಮುಂದಿನ ಶತಮಾನದಲ್ಲಿ ಅಲ್ ಮಸೂದಿ ಅವರ ರಾಜಧಾನಿಯನ್ನು 'ಮಾನ್‌ಕೀರ್' ಎಂದು ಬರೆದ. ಮಾನ್ಯಖೇಟ ಅರಬರ ಬಾಯಲ್ಲಿ ಮಾನ್‌ಕೀರ್ ಆಯಿತು, ನಮ್ಮವರ ಬಾಯಲ್ಲೇ ಮಳಖೇಡ ಆಯಿತು. ಇಂಗ್ಲಿಷರ ಕೈಯಲ್ಲಿ ಸೇಡಂನ ಡಕಾರ ರೇಫವಾಗಿ ರೈಲ್ವೆ ಬೋರ್ಡಿನ ಮೇಲೆ ಇಂದಿಗೂ 'ಸೇರಂ' ಎಂದೇ ಕೂತಿದೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಎಷ್ಟು ಜನ ಹತ್ತಿ ಇಳಿದರೂ ಬೋರ್ಡು ಹಾಗೆಯೇ ಉಳಿಯಿತು!

ಪ್ರತಿ ಭಾಷೆಯೂ ಪರಭಾಷೆಯ ಪದವನ್ನು ತನ್ನ ತುಂಡುಗಳ ಅಳತೆಗೆ ಕತ್ತರಿಸಿಕೊಳ್ಳುತ್ತದೆ. ಕಲಬುರಗಿ ಕಡೆಯ ದಖನಿಯಲ್ಲಿ 'ಇಸ್ಕೂಲ್', 'ಇಸ್ಟೇಷನ್' ಎನ್ನುವುದೂ ಇದೇ ಲೆಕ್ಕ. ಪದದ ಆರಂಭದಲ್ಲೇ ಎರಡು ವ್ಯಂಜನ ಒಟ್ಟಿಗೆ ಬರುವುದು ಆ ಬಾಯಿಗೆ ಒಗ್ಗದೆ ಮುಂದೊಂದು 'ಇ' ಸೇರಿಸಿ ಇಸ್-ಕೂಲ್ ಎಂದು ಎರಡು ತುಂಡು ಮಾಡಿಕೊಂಡರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ, ವ್ಯಾಕರಣವೇ ಇದೆ.

ದಿಬ್ಬಣದಲ್ಲಿ ಮದುಮಗ ಒಬ್ಬನೇ

ಈಗ ಎರಡನೇ ಕೆಲಸ, ಎತ್ತಿ ಹೇಳುವುದು. ಇದನ್ನು ಸ್ವರಭಾರ ಎನ್ನೋಣ. 'ಒತ್ತು' ಎಂದರೆ ಒತ್ತಕ್ಷರದ ಜತೆ ಗೊಂದಲ ಆಗುತ್ತದೆ. ಕನ್ನಡದಲ್ಲಿ ಎಲ್ಲ ತುಂಡಿಗೂ ಹೆಚ್ಚುಕಡಿಮೆ ಸಮ ಮರ್ಯಾದೆ. ಉದ್ದ-ಗಿಡ್ಡ ಇರುತ್ತದೆ, ಆದರೆ ಒಂದನ್ನು ಎತ್ತಿ ಉಳಿದದ್ದನ್ನು ಅದುಮುವ ಪದ್ಧತಿ ಇಲ್ಲ. ಇಂಗ್ಲಿಷ್ ಹಾಗಲ್ಲ. ದಿಬ್ಬಣದಲ್ಲಿ ಎಷ್ಟು ಜನ ಇದ್ದರೂ ಮದುಮಗ ಒಬ್ಬನೇ ಇರುವ ಹಾಗೆ, ಪದ ಎಷ್ಟು ಉದ್ದವಿದ್ದರೂ ಮುಖ್ಯ ಸ್ವರಭಾರ ಒಂದೇ ತುಂಡಿಗೆ. ಅದು ಗಟ್ಟಿ, ಸ್ಪಷ್ಟ, ತುಸು ಉದ್ದ. ಉಳಿದ ತುಂಡುಗಳ ಸ್ವರ ಎಷ್ಟೋ ಕಡೆ ಮಸುಕಾಗಿ ಸಣ್ಣ 'ಅ' ಆಗಿಬಿಡುತ್ತದೆ.

ನಿಘಂಟಿನಲ್ಲಿ ಸ್ವರಭಾರದ ತುಂಡಿನ ಮುಂಚೆ ಮೇಲ್ಗಡೆ ಒಂದು ಸಣ್ಣ ನೆಟ್ಟಗಿನ ಗೀಟು ಇರುತ್ತದೆ. ಇಲ್ಲೂ ಅದನ್ನೇ ಬಳಸಿದ್ದೇವೆ. ˈಫೋ-ಟ-ಗ್ರಾಫ್ ಎಂದರೆ ಚಿತ್ರ. ಫ-ˈಟಾಗ್-ರ-ಫಿ ಎಂದರೆ ಆ ಕಲೆ. ಫೋ-ಟ-ˈಗ್ರ್ಯಾ-ಫಿಕ್ ಎಂದರೆ ಅದಕ್ಕೆ ಸಂಬಂಧಿಸಿದ್ದು. ಒಂದೇ ಬೇರಿನ ಮೂರು ಪದ, ಮೂರರಲ್ಲೂ ಮದುಮಗ ಬೇರೆ.

ಹಾಗಾದರೆ ನೆನಪಿಡುವುದು ಹೇಗೆ? ಪದದ ಬಾಲ ನೋಡಿ.

'ಶನ್' ಎಂದು ಮುಗಿದರೆ ಅದರ ಹಿಂದಿನ ತುಂಡಿಗೆ ಭಾರ: ಎ-ಜು-ˈಕೇ-ಶನ್. 2018ರಲ್ಲಿ ಶಶಿ ತರೂರ್ ತಮ್ಮ ಪುಸ್ತಕದ ಬಗ್ಗೆ ಬರೆಯುತ್ತಾ 29 ಅಕ್ಷರದ ಪದವೊಂದನ್ನು ಎಸೆದು ದೇಶವೆಲ್ಲ ನಿಘಂಟು ಹುಡುಕುವಂತೆ ಮಾಡಿದ್ದು ನೆನಪಿದೆಯಲ್ಲ? ಫ್ಲಾಕ್-ಸಿ-ನಾ-ಸಿ-ನಿ-ಹಿ-ಲಿ-ಪಿ-ಲಿ-ಫಿ-ˈಕೇ-ಶನ್. ಒಂದು ವಸ್ತುವಿಗೆ ಏನೂ ಬೆಲೆ ಇಲ್ಲ ಎಂದು ತೀರ್ಮಾನಿಸುವುದು ಎಂದು ಅರ್ಥ. ಹನ್ನೆರಡು ತುಂಡು, ಭಾರ ಮಾತ್ರ 'ಎಜುಕೇಶನ್'ನಲ್ಲಿ ಇದ್ದ ಜಾಗದಲ್ಲೇ.

'ಇಕ್' ಎಂದು ಮುಗಿದರೂ ಹಿಂದಿನದ್ದಕ್ಕೇ ಭಾರ: ಇಸ್-ˈಲಾ-ಮಿಕ್. ಡಿಎನ್ಎಯ ಪೂರ್ತಿ ಹೆಸರು ಡಿ-ಆಕ್-ಸಿ-ರೈ-ಬೊ-ನ್ಯೂ-ˈಕ್ಲೀ-ಇಕ್ ಆಸಿಡ್. ನೀಟ್ ಬರೆಯುವ ಮಕ್ಕಳು ಇದನ್ನು ಒಂದೇ ಉಸಿರಿಗೆ ಬಾಯಿಪಾಠ ಮಾಡುವುದಕ್ಕಿಂತ ಹೀಗೆ ಒಡೆದು ಕಲಿಯಲಿ. ಹೊರತಾದವೂ ಇವೆ. ˈಆ-ರ-ಬಿಕ್ ಎನ್ನಬೇಕು, ಅ-ರಾ-ಬಿಕ್ ಅಲ್ಲ.

'ಲಜಿ', 'ಗ್ರಫಿ', 'ಇಟಿ' ಬಾಲಗಳಲ್ಲಿ ಭಾರ ಕೊನೆಯಿಂದ ಮೂರನೇ ತುಂಡಿಗೆ: ಕಾರ್-ಡಿ-ˈಆ-ಲ-ಜಿ. ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕಿವಿ-ಮೂಗು-ಗಂಟಲು ತೋರಿಸಲು ಹೋದರೆ ಬೋರ್ಡಿನಲ್ಲಿ ಕಾಣಬಹುದಾದ ಪದ: ಓ-ಟೊ-ರೈ-ನೊ-ಲ್ಯಾ-ರಿಂಗ್-ˈಗಾ-ಲ-ಜಿ.

ಕಾಯಿಲೆಗಳ ಬಾಲ 'ಐಟಿಸ್', 'ಓಸಿಸ್'. ಭಾರ ಕೊನೆಯಿಂದ ಎರಡನೆಯದಕ್ಕೆ: ಹೆ-ಪ-ˈಟೈ-ಟಿಸ್, ಟ್ಯೂ-ಬರ್-ಕ್ಯು-ˈಲೋ-ಸಿಸ್, ಸಿ-ಲಿ-ˈಕೋ-ಸಿಸ್, ನ್ಯೂ-ಮೊ-ಕೊ-ನಿ-ˈಓ-ಸಿಸ್. 'ಐಟಿಸ್' ಎಂದರೆ ಉರಿಯೂತ ಎಂದು ತಿಳಿದರೆ ಅರ್ಧ ಅರ್ಥವೂ ಬಂತು.

ತೊಗರಿ ಹೊಲದಲ್ಲಿ ಗುರು-ಲಘು

ಬಾಲ ಗೊತ್ತಿಲ್ಲದ ಪದ ಬಂದರೆ? ಅಲ್ಲಿ ಪ್ರಸ್ತಾರ ಕೆಲಸಕ್ಕೆ ಬರುತ್ತದೆ. ಲ್ಯಾಟಿನ್ ಮೂಲದ ಪದಗಳಿಗೆ ಒಂದು ಹಳೆಯ ನಿಯಮ: ಕೊನೆಯಿಂದ ಎರಡನೇ ತುಂಡು ಗುರುವಾದರೆ ಭಾರ ಅದಕ್ಕೇ. ಅದು ಲಘುವಾದರೆ ಒಂದು ಹೆಜ್ಜೆ ಹಿಂದೆ ಹೋಗಿ ಮೂರನೆಯದಕ್ಕೆ. ಅ-ˈಜೆನ್-ಡ ಎಂಬಲ್ಲಿ 'ಜೆನ್' ಗುರು. ˈಸಿ-ನಿ-ಮ ಎಂಬಲ್ಲಿ 'ನಿ' ಲಘು, ಆದ್ದರಿಂದ ಭಾರ 'ಸಿ'ಗೆ.

2019ರಲ್ಲಿ ಭೌಗೋಳಿಕ ಸೂಚಕದ ಗೌರವ ಪಡೆದ ಕಲಬುರಗಿ ತೊಗರಿಯ ದೊಡ್ಡ ಶತ್ರು ಕಾಯಿಕೊರಕ ಹುಳು. ಅದರ ಶಾಸ್ತ್ರೀಯ ಹೆಸರಿನಲ್ಲೇ ಈ ನಿಯಮದ ಎರಡೂ ಮುಖ ಇವೆ: ಹೆ-ಲಿ-ಕೊ-ˈವರ್-ಪ ಆರ್-ˈಮಿ-ಜೆ-ರ. ಮೊದಲ ಪದದಲ್ಲಿ 'ವರ್' ಗುರು, ಭಾರ ಅಲ್ಲೇ ನಿಂತಿತು. ಎರಡನೆಯದರಲ್ಲಿ 'ಜೆ' ಲಘು, ಭಾರ ಹಿಂದಕ್ಕೆ ಸರಿಯಿತು. ಚಿಂಚೋಳಿ ಕಾಡಿನ ರಕ್ತಚಂದನದ ಕುಲದ ಹೆಸರು ಟೆ-ರೊ-ˈಕಾರ್-ಪಸ್. ಇಂಗ್ಲಿಷಿನಲ್ಲಿ ಮುಂದೆ ಒಂದು 'ಪಿ' ಬರೆದರೂ ಅದಕ್ಕೆ ಬಾಯಿಲ್ಲ. 'ಕಾರ್' ಗುರು, ಭಾರ ಅದಕ್ಕೆ.

ಒಂದು ವ್ಯತ್ಯಾಸ ಮರೆಯಬಾರದು. ಕನ್ನಡದಲ್ಲಿ ಸಾಮಾನ್ಯವಾಗಿ ಯಾವ ಒತ್ತಕ್ಷರವಾದರೂ ಹಿಂದಿನದ್ದನ್ನು ಗುರು ಮಾಡುತ್ತದೆ. ಇಂಗ್ಲಿಷಿನಲ್ಲಿ ಬ್ರ, ಟ್ರ, ಕ್ಲದಂಥ ಜೋಡಿಗಳು ಸಾಮಾನ್ಯವಾಗಿ ಮಾಡುವುದಿಲ್ಲ. ಅದಕ್ಕೇ ಅರಬಿಯ 'ಅಲ್ ಜಬ್ರ್'ನಿಂದ ಬಂದ ಪದವನ್ನು ˈಆಲ್-ಜಿ-ಬ್ರ ಎಂದು ಮೊದಲ ತುಂಡು ಎತ್ತಿ ಹೇಳುತ್ತಾರೆ. ಈ ನಿಯಮ ನೂರಕ್ಕೆ ನೂರು ನಡೆಯುವುದಿಲ್ಲ, ಆದರೂ ಕತ್ತಲಲ್ಲಿ ಟಾರ್ಚ್ ಇದ್ದಂತೆ.

ಮದ್ರಸಕ್ಕೆ ಹೋದ ಮಕ್ಕಳಿಗೆ ಇದು ಇನ್ನೂ ಸುಲಭ. ತಜ್ವೀದ್ ಕಲಿಯುವಾಗ ಮದ್ದ್ ಬಂದಲ್ಲಿ ಎರಡು ಹರಕತ್ ಎಳೆಯಬೇಕೋ, ನಾಲ್ಕೋ, ಆರೋ ಎಂದು ಬೆರಳು ಮಡಚಿ ಎಣಿಸಿದ ಕಿವಿ ಅದು. ˈಜ-ಮಲ್ ಎಂದರೆ ಒಂಟೆ, ಜ-ˈಮಾಲ್ ಎಂದರೆ ಚೆಲುವು. ಎಳೆತ ಬದಲಾದರೆ ಭಾರವೂ ಬದಲು, ಅರ್ಥವೂ ಬದಲು ಎಂದು ಅರಬಿಯಲ್ಲಿ ಕಂಡವರು ಇಂಗ್ಲಿಷಿನಲ್ಲಿ ಅದನ್ನು ಗುರುತಿಸಲಾರರೇ? ಅಲ್ಲೂ ˈರೆ-ಕಾರ್ಡ್ ಎಂದರೆ ದಾಖಲೆ, ರಿ-ˈಕಾರ್ಡ್ ಎಂದರೆ ದಾಖಲಿಸು.

ಔಷಧದ ಅಂಗಡಿಯಲ್ಲಿ

ಇದು ಬರೀ ಶೋಕಿಗೆ ಕಲಿಯುವುದಲ್ಲ. ಹೈ-ಡ್ರಾಕ್-ಸಿ-ಜೀನ್ ಎಂಬುದು ತುರಿಕೆ, ಅಲರ್ಜಿಗೆ ಕೊಡುವ ಮಾತ್ರೆ. ಹೈ-ಡ್ರಾ-ಲ-ಜೀನ್ ಎಂಬುದು ರಕ್ತದೊತ್ತಡದ ಮಾತ್ರೆ. ತಲೆ ಒಂದೇ, ಬಾಲ ಒಂದೇ, ನಡುವಿನ ತುಂಡು ಮಾತ್ರ ಬೇರೆ. ಲೋಕದಾದ್ಯಂತ ಔಷಧ ಸುರಕ್ಷತೆಯವರು ಗೊಂದಲವಾಗುವ ಜೋಡಿ ಎಂದು ಪಟ್ಟಿ ಮಾಡಿರುವ ಹೆಸರುಗಳಿವು. ನಮ್ಮಲ್ಲಿ ಔಷಧದ ಜನೆರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರಿಗೆ 2016ರಲ್ಲೇ ನಿಯಮ ಬಂತು. ವೈದ್ಯರು ದೊಡ್ಡಕ್ಷರದಲ್ಲಿ ಬರೆದರೂ, ಫೋನಿನಲ್ಲಿ "ಉಪ್ಪನಿಗೆ ಯಾವ ಮಾತ್ರೆ ಕೊಡ್ತಿದ್ದೀರಿ?" ಎಂದು ಕೇಳಿದಾಗ "ಹೈಡ್ರಾ ಏನೋ" ಎಂದರೆ ನಿಯಮ ಏನು ಮಾಡೀತು? ನಾಲ್ಕು ತುಂಡನ್ನೂ ಬಿಡಿಸಿ ಹೇಳಬೇಕು.

ಕೀಟನಾಶಕದ ಡಬ್ಬಿಯೂ ಹಾಗೆಯೇ. ತೊಗರಿಗೆ ಹೊಡೆಯುವ ಕ್ಲೋರ್-ಆಂ-ಟ್ರಾ-ನಿ-ಲಿ-ಪ್ರೋಲ್ ಬೇರೆ, ಎ-ಮ-ಮೆಕ್-ಟಿನ್ ಬೆನ್-ಜೊ-ಏಟ್ ಬೇರೆ. ವಿಷ ಮೈಗೆ ತಾಗಿ ಆಸ್ಪತ್ರೆಗೆ ಓಡುವ ಹೊತ್ತಿಗೆ ವೈದ್ಯರು ಮೊದಲು ಕೇಳುವುದು ಯಾವ ಔಷಧಿ ಎಂದೇ. ಡಬ್ಬಿ ಜತೆಗೆ ಒಯ್ಯಬೇಕು, ಹೆಸರೂ ಹೇಳಲು ಬರಬೇಕು.

ನಾಚಿಕೆ ಯಾಕೆ?

ಇಂಗ್ಲಿಷರ ಹಾಗೆ ಮಾತಾಡಬೇಕೆಂದು ಯಾರೂ ಹೇಳುತ್ತಿಲ್ಲ. ಮನೆಯಲ್ಲಿ ಬ್ಯಾರಿ ಬಾಸೆ, ಬೀದಿಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ. ಹೀಗೆ ಮೂರು ಭಾಷೆ ಬಲ್ಲ ಮಗುವಿನ ಇಂಗ್ಲಿಷಿನಲ್ಲಿ ಆ ಮೂರರ ವಾಸನೆ ಇದ್ದೇ ಇರುತ್ತದೆ. ಇರಲಿ. ದನಿಯ ವಾಸನೆ ಬೇರೆ, ಸ್ವರಭಾರ ತಪ್ಪುವುದು ಬೇರೆ. ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ 1969ರಲ್ಲಿ ಪ್ರಕಟಿಸಿದ ಆರ್.ಕೆ. ಬನ್ಸಲ್ ಅವರ ಅಧ್ಯಯನ, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಅರ್ಥವಾಗದಿರುವುದಕ್ಕೆ ದೊಡ್ಡ ಕಾರಣವಾಗಿ ತೋರಿಸಿದ್ದು ತಪ್ಪು ಜಾಗಕ್ಕೆ ಬೀಳುವ ಸ್ವರಭಾರವನ್ನೇ. ಅಂದರೆ ತಿದ್ದಿಕೊಳ್ಳಬೇಕಾದದ್ದು ನಾಲಿಗೆಯನ್ನಲ್ಲ, ಲೆಕ್ಕವನ್ನು.

ಅಮೆರಿಕದ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ ಸ್ಪರ್ಧೆಯಲ್ಲಿ ಭಾರತೀಯ ಮೂಲದ ಮಕ್ಕಳು ಗೆಲ್ಲುವುದು ಈಗ ಸುದ್ದಿಯೇ ಅಲ್ಲ ಎಂಬಷ್ಟಾಗಿದೆ. ಮೊದಲ ಗೆಲುವು 1985ರಲ್ಲಿ ಬಾಲು ನಟರಾಜನ್ ಅವರದ್ದು. 2009ರಲ್ಲಿ ಕಾವ್ಯಾ ಶಿವಶಂಕರ್, 2015ರಲ್ಲಿ ಜಂಟಿಯಾಗಿ ತಂಗಿ ವನ್ಯಾ. ಕಾವ್ಯಾ ಪ್ರತಿ ಪದವನ್ನೂ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಾ ಹೇಳುತ್ತಿದ್ದಳು. ಆ ಮಕ್ಕಳು ವೇದಿಕೆಯಲ್ಲಿ ಕೇಳುವ ಪ್ರಶ್ನೆಗಳನ್ನು ಗಮನಿಸಿ: ಈ ಪದ ಯಾವ ಭಾಷೆಯದ್ದು? ಅರ್ಥ ಏನು? ಇನ್ನೊಮ್ಮೆ ಹೇಳುತ್ತೀರಾ? ಬಾಯಿಪಾಠದ ಜತೆಗೆ ಪದದ ಊರು ಕೇಳಿ, ಕಿವಿಗೊಟ್ಟು, ತುಂಡು ಮಾಡಿ ಗೆದ್ದವರು ಅವರು.

ಮನೆಯಲ್ಲೂ ಇದೇ ಮಾಡಬಹುದು. ದಿನಕ್ಕೆ ಒಂದೇ ಉದ್ದ ಪದ ಸಾಕು. ಅಜ್ಜಿಯ ಮಾತ್ರೆಯ ಪಟ್ಟಿಯಿಂದಲೋ, ಜೀವಶಾಸ್ತ್ರ ಪುಸ್ತಕದಿಂದಲೋ ಒಂದನ್ನು ಆರಿಸಿ. ಕನ್ನಡದಲ್ಲಿ ಬರೆದು ಗೀಟು ಹಾಕಿ ಒಡೆಯಿರಿ. ಬಾಲ ನೋಡಿ, ಇಲ್ಲವೆಂದರೆ ಕೊನೆಯಿಂದ ಎರಡನೆಯದಕ್ಕೆ ಗುರು-ಲಘು ಹಾಕಿ. ನಿಘಂಟಿನ ಗೀಟಿನ ಜತೆ ತಾಳೆ ನೋಡಿ. ಮೊಬೈಲಿನಲ್ಲಿ ದನಿಯೂ ಕೇಳುತ್ತದೆ. ಮಗು ಹೇಳಲಿ, ಉಮ್ಮ ಹೇಳಲಿ, ಅಂಗಡಿಯಿಂದ ಬಂದ ಉಪ್ಪನೂ ಹೇಳಲಿ. ಮುಂದಿನ ಸಲ ಆಸ್ಪತ್ರೆಯ ಚೀಟಿ ಕೈಗೆ ಬಂದಾಗ ಓದುವವರು ಮನೆಯಲ್ಲೇ ಇರುತ್ತಾರೆ.